ಗುಂಯ್

ಮೊಬೈಲಿನೊಳಗೆ ಸಿಗ್ನಲ್ಲಿಗೆ ಬಲ ಕೊಡುವ ಪವರ್ ಆಂಪ್ಲಿಫೈಯರು ಟವರಿಗೆ ಸಿಗ್ನಲ್ ಕಳಿಸುವಾಗ ಬ್ಯಾಟರಿಯನ್ನು ತಿಂದು ಬಿಸಿಯಾಗುತ್ತದೆ. ಕಿವಿಗೆ ಮಷಿನ್ ಹಾಕಿಕೊಂಡವರಿಗಂತೂ ಗುಂಯ್ ಎಂಬ ಸದ್ದಾಗಿ ಕಾಡುತ್ತದೆ. ಇವೆರಡನ್ನೂ ತಗ್ಗಿಸುವುದೇ ಪ್ರಹ್ಲಾದನ ಕೆಲಸ. ಹೊಸ ಫೋನು ತಯಾರಾದಾಗ ಪರೀಕ್ಷೆಗೆಂದು ಒಂದನ್ನು ಧಾರವಾಡದಲ್ಲಿದ್ದ ಅಕ್ಕನಿಗೆ ಕಳಿಸಿದ. ಪ್ರೀತಿಯಿಂದೇನಲ್ಲ, ಅವನಿಗೆ ಗೊತ್ತಿದ್ದವರಲ್ಲಿ ಕಿವಿಯ ಮಷಿನ್ ಇದ್ದದ್ದು ಅವಳೊಬ್ಬಳಿಗೇ.

ಹೋದ ವರ್ಷ ಹೆಂಡತಿ ಸುಧಾ ತನ್ನನ್ನು ಬಿಟ್ಟು ಹೋದದ್ದನ್ನು ಅವನು ಹೇಳಿಕೊಂಡದ್ದು ಈ ಅಕ್ಕನ ಹತ್ತಿರ ಮಾತ್ರ, ಅದೂ ಫೋನಿನಲ್ಲಿ. ಹೇಳಿ ಮುಗಿಸಿದ ಮೇಲೆ ಅವಳು, "ಹೂಂ, ಛಲೋ ಆತು ತಗೋ," ಎಂದಿದ್ದಳು. ಅಂದಿನಿಂದ ವಾರಕ್ಕೊಮ್ಮೆ ಫೋನ್ ಮಾಡಿ, ಊಟ ಆಯಿತೇ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದ.

ಈ ಸಲ ಪರೀಕ್ಷೆಯ ಪ್ರಶ್ನೆಗಳನ್ನು ಕೇಳಿದ.

"ಅಕ್ಕಾ, ಗುಂಯ್ ಅಂತದೇನು?"

"ಇಲ್ಲೋ ತಮ್ಮಾ. ನೀ ಬಾಜೂಕ ಕೂತು ಮಾತಾಡಿದಂಗ ಅದ."

"ಹಳೇ ಫೋನಿನ್ಯಾಗ ಅಂತಿತ್ತೇನು?"

"ಅದೊಂದ ಕೇಳಸ್ತಿತ್ತು ನೋಡು. ಅದನ್ನ ತಗ್ಗಸೂದ ನಿನ್ನ ಕೆಲಸ, ಹೇಳಿದ್ರ ನಿನಗ ಬ್ಯಾಸರಾದೀತಂತ ಹೂಂ, ಛಲೋ ಆತು ಅಂದು ಸುಮ್ಮನಾಗ್ತಿದ್ದೆ."

ಅವನು ಮುಂದಿನ ಪ್ರಶ್ನೆಯನ್ನೇ ಕೇಳಿದ.

"ಫೋನು ಬಿಸಿ ಆಗ್ತದೇನು?"

"ಅದಿರಲಿ ಬಿಡು. ಸುಧಾನ ಕೈಯಾಗ ಕೊಡು, ಅಕಿ ದನಿ ಕೇಳಿ ಭಾಳ ದಿನ ಆತು."