ಹಾಡು ಕೇಳದ ಕುರ್ಚಿ

ಬೀದಿಕಂಬಗಳೆಲ್ಲ ಮಾತು ಕದ್ದು ಕೇಳಲು ಶುರುಮಾಡಿದ ಮೇಲೆ ನಾವು ಗುಟ್ಟು ಹೇಳುವುದು ಸಂಗೀತ ಕಚೇರಿಯಲ್ಲೇ. ಸ್ಪೀಕರುಗಳ ಅಲೆಗಳು ಒಂದನ್ನೊಂದು ಅಳಿಸುವ ಕುರ್ಚಿಗಳಲ್ಲಿ ಹಾಡೂ ಕೇಳದು, ಸುತ್ತಲಿನ ಹಾಡು ದಾಟಿ ನಮ್ಮ ಪಿಸುಮಾತೂ ಹೊರಬೀಳದು.

ತಂಗಿ ಅಂಬುತಾಯಿಯ ಮಗ ತಲೆಮರೆಸಿಕೊಂಡಿದ್ದ. ಎಲ್ಲಿದ್ದಾನೆಂದು ಹೇಳಲು ಅವಳನ್ನು ನಮ್ಮ ಎಂದಿನ ಮೂಲೆಯಲ್ಲಿ ಕೂರಿಸಿಕೊಂಡೆ. ಹಾಡು ಶುರುವಾಗುತ್ತಲೇ ಸ್ವಯಂಸೇವಕಿಯೊಬ್ಬಳು ಬಂದಳು.

"ಅಜ್ಜಿ, ಇಲ್ಲಿ ಫ್ಯಾನ್ ಗಾಳಿ ಭಾಳ ಅದ. ಮುಂದಿನ ಸಾಲಿಗೆ ಬರ್ರಿ."

"ಪುಕ್ಕಟೆ ಮುಂದಿನ ಸಾಲು? ಯಾರ ಕಡೆಯಾಕಿ ಇಕಿ?" ತಂಗಿ ಗೊಣಗಿದಳು.

ನನಗೂ ಅದೇ ಸಂಶಯ. ಅಷ್ಟರಲ್ಲಿ ತಂಬೂರಿ ಸ್ಪಷ್ಟವಾಗಿ ಕೇಳಿಸಿತು. ಇಲ್ಲಿ ಕೇಳಬಾರದಿತ್ತು. ಯಾರೋ ಸ್ಪೀಕರ್ ಸರಿಸಿದ್ದರು.

ಎದ್ದು ಹುಡುಗಿಯ ಹಿಂದೆ ಹೋದೆವು. ಮುಂದಿನ ಸಾಲಿನಲ್ಲಿ ಕೂತಾಗ ಗಾಯಕಿಯ ಬಾಯಿ ತೆರೆದಿತ್ತು, ದನಿ ಮಾತ್ರ ನಮಗೆ ಕೇಳಲಿಲ್ಲ. ಹಾಡು ಕೇಳದ ಜಾಗವೀಗ ಇಲ್ಲಿತ್ತು; ಹುಡುಗಿ ನಮ್ಮ ಕಡೆಯವಳೇ.

"ಈಗ ಹೇಳಕ್ಕಾ," ಎಂದಳು ತಂಗಿ.