ಎಣಿಕೆ ಸಾಹೇಬರ ಚಾರ್ಟು

ಹೊಸ ಕೀಬೋರ್ಡು ಬಂದ ಹತ್ತನೆಯ ದಿನ ಪ್ರಶ್ನಕ್ಕನ ಮೇಜಿಗೆ ನೋಟಿಸು ಬಂತು. ‘ಕೆಲಸದಲ್ಲಿ ಮೈಗಳ್ಳತನ ಕಂಡುಬಂದಿದೆ. ಹೀಗೇ ಮುಂದುವರಿದರೆ ತಿಂಗಳ ಕೊನೆಗೆ ನಿಮ್ಮನ್ನು ಖಾಯಂ ಮಾಡಲಾಗದು.’ ಐದು ವರ್ಷ ತಾತ್ಕಾಲಿಕವಾಗಿ ದುಡಿದವಳು ಅವಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಯಾರಾದರೂ ಇಷ್ಟು ಚೊಕ್ಕವಾಗಿ ಟೈಪು ಮಾಡಿ ಕೊಟ್ಟದ್ದನ್ನು ಅದುವರೆಗೆ ಕಂಡಿರಲಿಲ್ಲ.

ಬಸ್ಸು ಕಂಪನಿಯ ಆ ಕಂಪ್ಯೂಟರ್ ಕೋಣೆಯಲ್ಲಿ ಏಳು ಜನ. ಆರು ಮಂದಿ ಟಿಕೆಟ್ಟಿನ ವಿವರ ತುಂಬುವವರು. ಬಸ್ಸುಗಳ ವೇಳಾಪಟ್ಟಿ ಹೊಂದಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವವಳು ಇವಳೊಬ್ಬಳೇ. ಸಿ ಭಾಷೆಗೆ ಹೆಜ್ಜೆ ಹೆಜ್ಜೆಗೂ ಮೀಸೆಯನ್ನು ನೆಟ್ಟಗೆ ನಿಲ್ಲಿಸಿದಂಥ ಒಂದು ಬ್ರಾಕೆಟ್ಟು ಬೇಕು. ಎಲ್ಲಿಂದಲೋ ತಂದ ಹಳೆಯ ಕೀಬೋರ್ಡುಗಳಲ್ಲಿ ಅದರ ಜಾಗದಲ್ಲಿ ಯಾವುದೋ ದೇಶದ, ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಅಕ್ಷರ ಕೂತಿತ್ತು. ಅಂಥ ಬಡಪಾಯಿಗಳಿಗೆಂದೇ ಭಾಷೆಯಲ್ಲಿ ಒಂದು ಬದಲಿ ದಾರಿ ಇತ್ತು: ಎರಡು ಪ್ರಶ್ನೆ ಚಿಹ್ನೆ, ಅದರ ಬೆನ್ನಿಗೊಂದು ಬಾಣದ ಮೊನೆ ಒತ್ತಿದರೆ ಕಂಪ್ಯೂಟರು ಅದನ್ನೇ ಮೀಸೆ ಎಂದು ತಿಳಿದುಕೊಳ್ಳುತ್ತದೆ. ಒಂದು ಮೀಸೆಗೆ ಮೂರು ಒತ್ತು. ಐದು ವರ್ಷ ಹೀಗೆ ಕುಟ್ಟಿ ಕುಟ್ಟಿ ಅವಳಿಗೆ ಪ್ರಶ್ನಕ್ಕ ಎಂಬ ಅಡ್ಡಹೆಸರೂ ಬಲಗೈ ಕಿರುಬೆರಳಿಗೆ ನೋವೂ ಬಂದವು. ನೋವು ಮಣಿಕಟ್ಟಿಗೂ ಹಬ್ಬಿದ ಮೇಲೆ ಅವಳ ಜಡೆ ಹೆಣೆಯುವ ಕೆಲಸ ಗಂಡನ ಪಾಲಿಗೆ ಬಿತ್ತು. ಜಡೆ ದಿನವೂ ಎಡಕ್ಕೇ ವಾಲುತ್ತಿತ್ತು. ಇನ್ನೂ ಹೀಗೇ ಕುಟ್ಟಿದರೆ ಕೈಗೆ ಪ್ಲಾಸ್ಟರ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಹನ್ನೊಂದು ಅರ್ಜಿ ಬರೆದ ಮೇಲೆ, ಅಂತೂ, ಮೀಸೆ ಇರುವ ಕೀಬೋರ್ಡು ಬಂದಿತ್ತು.

ನೋಟಿಸು ಹಿಡಿದು ಅವಳು ಮೇಲ್ವಿಚಾರಕರ ಕೋಣೆಗೆ ನಡೆದಳು. ಬೆನ್ನ ಹಿಂದೆ ಎಲ್ಲರೂ ಅವರನ್ನು ಎಣಿಕೆ ಸಾಹೇಬರು ಎನ್ನುತ್ತಿದ್ದರು. ಯಾರು ದಿನಕ್ಕೆ ಎಷ್ಟು ಕೀಲಿ ಒತ್ತಿದರೆಂದು ಕಂಪ್ಯೂಟರಿನಿಂದಲೇ ಎಣಿಸಿ, ಸಂಜೆ ಗೋಡೆಯ ಚಾರ್ಟಿನಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುವುದು ಅವರ ನಿತ್ಯದ ನೇಮ. ಪ್ರೋಗ್ರಾಮು ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವಲ್ಲ ಎಂಬ ಚಿಂತೆಯೂ ಇರಲಿಲ್ಲ.

“ನೋಡೀಮ್ಮಾ ನಿಮ್ಮ ಗೆರೆ. ಹೋದ ತಿಂಗಳು ಸೂರು ಮುಟ್ತಿತ್ತು. ಈಗ ನೆಲ ನೆಕ್ತಾ ಇದೆ.”

“ಸಾರ್, ಮೊದ್ಲು ಒಂದು ಚಿಹ್ನೆಗೆ ಮೂರು ಸಲ ಒತ್ತಬೇಕಿತ್ತು, ಈಗ ಒಂದೇ ಸಲ. ಕೆಲಸ ಅಷ್ಟೇ ಆಗಿದೆ, ಬೇಗ ಆಗಿದೆ.”

“ಅಂದ್ರೆ ಮೂರು ಒತ್ತೋ ಕಡೆ ಒಂದು ಒತ್ತಿ ಸುಮ್ನಾಗ್ತಿದ್ದೀರಿ. ನೀವೇ ಒಪ್ಕೊಂಡ್ರಿ.”

“ಸುಮ್ನೆ ಕೂತಿಲ್ಲ ಸಾರ್. ಉಳಿದ ಹೊತ್ತಲ್ಲಿ ಬರೆದಿದ್ದನ್ನೆಲ್ಲ ಓದಿದೆ. ಒಬ್ಬನೇ ಡ್ರೈವರ್‌ನ ಒಂದೇ ಹೊತ್ತಿಗೆ ಎರಡು ಬಸ್ಸಿಗೆ ಹಾಕೋ ತಪ್ಪು ಸಿಕ್ತು. ಸರಿ ಮಾಡಿದೆ.”

ಸಾಹೇಬರು ಪೆನ್ಸಿಲು ಕೆಳಗಿಟ್ಟರು. “ಓದೋದಕ್ಕೆ ಯಾವ ಕೀಲಿ ಒತ್ತಬೇಕು?”

“ಯಾವುದೂ ಇಲ್ಲ ಸಾರ್.”

“ಹಾಗಾದ್ರೆ ಅದು ಕೆಲಸ ಅಲ್ಲ.”

ಅವಳು ಮೇಜಿಗೆ ವಾಪಸು ಬಂದು, ಹೊಸ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡು ಪ್ರಶ್ನೆ ಚಿಹ್ನೆ ಮತ್ತು ಬಾಣದ ಮೊನೆಯನ್ನು ಟಕ ಟಕ ಟಕ ಎಂದು ಕುಟ್ಟಿದಳು. ಕಂಪ್ಯೂಟರು ಹಳೆಯ ನೆಂಟನನ್ನು ಕಂಡಂತೆ ಒಪ್ಪಿಕೊಂಡಿತು. ಆ ಕೀಬೋರ್ಡನ್ನು ಹೊತ್ತು ತಂದಿದ್ದ ಸ್ಟೋರಿನ ಅಣ್ಣ ಅಲ್ಲೇ ನಿಂತು ನೋಡುತ್ತಿದ್ದ.

“ಇದೇನಕ್ಕಾ, ಮೀಸೆ ಕೀಲಿ ಪಕ್ಕದಲ್ಲೇ ಇದೆಯಲ್ಲ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?”

“ಇಲ್ಲಿ ಕೊಡಲಿ ಬೀಸಿದ್ದನ್ನ ಮಾತ್ರ ಎಣಿಸ್ತಾರೆ ಅಣ್ಣಾ.”

ಗೆರೆ ಮತ್ತೆ ಮೇಲೇರಿತು. ಓದುವ ಚಾಳಿಯನ್ನು ಅವಳು ಬಿಟ್ಟೇಬಿಟ್ಟಳು. ಯಾರ ಕಣ್ಣಿಗೂ ಬೀಳದ ಹೊಸ ತಪ್ಪುಗಳಿಂದ ಆ ತಿಂಗಳು ಎರಡು ಸಲ ಬಸ್ಸು ಡ್ರೈವರಿಲ್ಲದೆ, ಜನರನ್ನು ತುಂಬಿಕೊಂಡು ನಿಲ್ದಾಣದಲ್ಲೇ ನಿಂತಿತು. ಅದನ್ನು ಎಣಿಸುವವರು ಬೇರೆ ವಿಭಾಗದವರು. ತಿಂಗಳ ಕೊನೆಯ ದಿನ ಚಾರ್ಟಿನಲ್ಲಿ ಅವಳ ಗೆರೆ ಎಲ್ಲರಿಗಿಂತ ಮೇಲಿತ್ತು, ಮತ್ತು ಅವಳ ಬಲಗೈ ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಎಣಿಕೆ ಸಾಹೇಬರು ಏಳೂ ಜನರನ್ನು ಸೇರಿಸಿ, “ದುಡಿಮೆ ಅಂದ್ರೆ ಇದು, ನೋಡಿ ಕಲೀರಿ,” ಎಂದು ಆ ಪ್ಲಾಸ್ಟರನ್ನೇ ತೋರಿಸಿ ಹೊಗಳಿದರು. ಚಪ್ಪಾಳೆ ಬಿತ್ತು. ಖಾಯಂ ಆದೇಶದ ಹಾಳೆ ಮೇಜಿನ ಮೇಲೆ ಬಂತು.

“ಸಹಿ ಮಾಡೋಕಾಗಲ್ಲ, ಅಲ್ವಾ? ಪರವಾಗಿಲ್ಲ, ಎಡಗೈ ಹೆಬ್ಬೆಟ್ಟು ಒತ್ತಿಬಿಡಿ,” ಎಂದು ಸಾಹೇಬರು ಶಾಯಿಯ ಪ್ಯಾಡನ್ನು ಮುಂದಕ್ಕೆ ತಳ್ಳಿದರು.

ಪ್ರಶ್ನಕ್ಕ ಒತ್ತಿದಳು. ಮತ್ತೆ ಶಾಯಿಗೆ ಅದ್ದಿ ಅದರ ಪಕ್ಕಕ್ಕೆ ಇನ್ನೊಂದು ಒತ್ತಿದಳು. ಅದರ ಪಕ್ಕಕ್ಕೆ ಮತ್ತೊಂದು.

“ಅಯ್ಯೋ, ಒಂದು ಸಾಕಿತ್ತಲ್ಲಮ್ಮಾ!”

“ಒಂದೇ ಒತ್ತಿದ್ರೆ ಮೈಗಳ್ಳಿ ಅಂತೀರಲ್ಲ ಸಾರ್.”