ರಜೆಯ ಫೋಟೋ

ಮಗಳ ಮುಖವಿದ್ದ ಫ್ಲೆಕ್ಸನ್ನು ಬಸ್‌ಸ್ಟ್ಯಾಂಡಿನ ಗೋಡೆಯಿಂದ ಕಿತ್ತು, ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಮುಮತಾಜಬಿ ಗಜೇಂದ್ರಗಡದ ಆ ಆಫೀಸಿನ ಮೆಟ್ಟಿಲು ಹತ್ತಿದಳು. ಡಾಕ್ಟರಿ ಓದಲು ಮಕ್ಕಳನ್ನು ವಿದೇಶಕ್ಕೆ ಕಳಿಸುವ ಏಜೆಂಟ್ ಶಶಿಕಾಂತ ಒಳಗೆ ಕೂತು, ರೋಣದ ವಸುಧಾ ಟೀಚರಿಂದ ಅವರ ಮಗಳ ಫಾರ್ಮು ತುಂಬಿಸುತ್ತಿದ್ದ. ಮುಮತಾಜಬಿ ಆ ಫಾರ್ಮಿನ ಮೇಲೆಯೇ ಫ್ಲೆಕ್ಸು ಹರಡಿದಳು. ಕ್ರಿಸ್‌ಮಸ್ ಗಿಡದ ಪಕ್ಕ ಕೆಂಪು ಕೋಟು ತೊಟ್ಟು ನಗುತ್ತಿರುವ ಅಂಜುಮ. ಕೆಳಗೆ ಗೇಣುದ್ದದ ಅಕ್ಷರ: 'ಜಾರ್ಜಿಯಾದಲ್ಲಿ ನಮ್ಮೂರ ಹುಡುಗಿಯ ರಜೆಯ ಸಂಭ್ರಮ! ನಿಮ್ಮ ಮಗಳದು ಯಾವಾಗ?'

"ಯಾರನ್ನ ಕೇಳಿ ಹಚ್ಚೀರಿ ಇದನ್ನ?"

"ಕುಂದರ್ರಿ ಅಕ್ಕಾ. ಊರಿಗೆ ಊರ ನಿಮ್ಮ ಮಗಳನ್ನ ನೋಡಾಕತ್ತೈತಿ, ಖುಷಿ ಪಡೂದ ಬಿಟ್ಟು..." ಶಶಿಕಾಂತ ನಕ್ಕ.

"ನೋಡ್ಲಿ! ರಜಾ ಅಂತ ಹಾಸ್ಟೆಲಿಗೆ ಕೀಲಿ ಹಾಕಿ ಹದಿನಾಲ್ಕ ಹುಡುಗ್ಯಾರನ್ನ ಒಂದ ಖೋಲ್ಯಾಗ ಕೆಡವೀರಲ್ಲ, ಅದನ್ನೂ ನೋಡ್ಲಿ. ಥಂಡಿಗೆ ಆಕಿ ಬೆರಳ ಬಾತಾವು. ಮನಿಗೆ ಬರತೀನಿ ಅಂದ್ರ ನಿಮ್ಮ ಮನಷ್ಯಾ ಪಾಸ್‌ಪೋರ್ಟ್ ಇಟಗೊಂಡು ಕುಂತಾನ. ಈಗ ನನ್ನ ಮುಂದ ಫೋನ್ ಹಚ್ರಿ. ಆಕಿ ಪಾಸ್‌ಪೋರ್ಟ್ ಆಕಿ ಕೈಗೆ ಕೊಡಸ್ರಿ."

"ಅಲ್ಲೆ ಆಫೀಸ್ ಬಂದ್ ಐತ್ರಿ, ರಜಾ. ಮತ್ತ ಥಂಡಿ ಅಂತೀರಿ, ಇಷ್ಟ ದಪ್ಪ ಕೋಟ ಹಾಕ್ಕೊಂಡಾಳಲ್ಲ!"

ಇಪ್ಪತ್ತು ವರ್ಷ ಊರ ಹೆಂಗಸರ ಬ್ಲೌಸು ಹೊಲಿದವಳು ಮುಮತಾಜಬಿ. ಬಟ್ಟೆಯ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗದ ಮಾತು.

"ಫೋಟೋ ಹೊಡದ ಕೂಡಲೇ ಆ ಕೋಟ ಬಿಚ್ಚಿಸಿಕೊಂಡ್ರು ಅಂತ ಅತ್ತಾಳ ನನ್ನ ಮಗಳು," ಎಂದವಳು ಗೋಡೆಯ ಕಡೆ ತಿರುಗಿದಳು. ಕಟ್ಟು ಹಾಕಿಸಿದ ಎಂಟು ಫೋಟೋ ಸಾಲಾಗಿದ್ದವು. ಎಂಟು ಹುಡುಗಿಯರು, ಎಲ್ಲರ ಮೈಮೇಲೂ ಕೆಂಪು ಕೋಟು. ಅವಳು ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟಳು. "ಅಕ್ಕೋರ, ಬರ್ರಿ ಇಲ್ಲೆ. ಮ್ಯಾಲಿಂದ ಎರಡನೇ ಗುಂಡಿ ನೋಡ್ರಿ. ಉಳದಾವೆಲ್ಲಾ ಕರೇವು, ಇದೊಂದ ಕಂದು. ಈ ಹುಡುಗೀದೂ ಕಂದು. ಈಕೀದೂ. ಎಲ್ಲಾರಿಗೂ ಸೇರಿ ಒಂದ ಕೋಟ! ಒಬ್ಬಾಕಿ ಮೈಮ್ಯಾಲಿಂದು ಬಿಚ್ಚಿ ಇನ್ನೊಬ್ಬಾಕಿಗೆ ತೊಡಿಸ್ಯಾರ. ನಕ್ಕರ ಪಾಸ್‌ಪೋರ್ಟ್ ಕೊಡ್ತೀವಿ ಅಂದ್ರಂತ, ಅದಕ್ಕ ನಕ್ಕಾಳ ನನ್ನ ಕೂಸು."

ವಸುಧಾ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಒಂದಲ್ಲ, ಎಂಟೂ ಫೋಟೋ ನೋಡಿದಳು. ಎಂಟರಲ್ಲೂ ಎರಡನೇ ಗುಂಡಿ ಕಂದೇ.

ಶಶಿಕಾಂತನಿಗೆ ಅಷ್ಟು ಹೊತ್ತು ಕೊಟ್ಟ ಮರ್ಯಾದೆ ಸಾಕೆನಿಸಿತು ಮುಮತಾಜಬಿಗೆ. "ಏ, ಫೋನ್ ಹಚ್ಚತೀಯೊ, ಇಲ್ಲಾ ಈ ಎಂಟೂ ಮಂದಿ ಅವ್ವಂದಿರನ್ನ ಕರಕೊಂಡ ಬರ್ಲೊ? ಅಕ್ಕೋರ, ನೀವರ ಹೇಳ್ರಿ. ನೀವು ಆ ಫಾರ್ಮ್ ಹರದ ಒಗದ್ರ ಈಗಿಂದೀಗ ಹಚ್ಚತಾನ."

ಮಾತು ಖರೇ ಇತ್ತು. ಶಶಿಕಾಂತ ಮುಮತಾಜಬಿಯನ್ನು ಬಿಟ್ಟು ಟೀಚರನ್ನೇ ನೋಡುತ್ತಿದ್ದ. ಅವನ ಕೈ ಆಗಲೇ ಮೊಬೈಲಿನ ಮೇಲಿತ್ತು.

ವಸುಧಾ ಕುರ್ಚಿಗೆ ಮರಳಿದಳು. ಮಗಳು ಪ್ರಣೀತಾಳಿಗೆ ಎರಡು ವರ್ಷ ಪರೀಕ್ಷೆ ಬರೆದರೂ ಇಲ್ಲಿ ಡಾಕ್ಟರಿ ಸೀಟು ಸಿಕ್ಕಿರಲಿಲ್ಲ. ವಿದೇಶಕ್ಕೆ ಹೊರಟಳೆಂದು ಶಾಲೆಯಲ್ಲಿ ಪೇಢೆ ಹಂಚಿಯಾಗಿತ್ತು, ನೆಂಟರೆಲ್ಲ ಬಂದು ಹರಸಿ ಹೋಗಿದ್ದರು. ಅವಳು ಫ್ಲೆಕ್ಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅಡಿಯಲ್ಲಿದ್ದ ಫಾರ್ಮನ್ನು ಎಳೆದುಕೊಂಡು ಪೆನ್ನು ಕೈಗೆತ್ತಿಕೊಂಡಳು. ಮುಮತಾಜಬಿಯ ಕಡೆಗಾಗಲಿ ಗೋಡೆಯ ಕಡೆಗಾಗಲಿ ತಲೆಯೆತ್ತಲಿಲ್ಲ.

"ನಮ್ಮ ಪ್ರಣೀತಾಗ," ಎಂದು ಶಶಿಕಾಂತನನ್ನು ಕೇಳಿದಳು, "ಹೊಸಾ ಕೋಟ ಕೊಡಸ್ತೀರಲ್ರಿ?"